ವಿಮಾನದ ಇಂಜಿನ್ ಕೂರಿಸಿದರೆ ಬೈಕ್ ಹಯಾಬುಸಾಗಿಂತ ಜೋರಾಗಿ ಓಡುತ್ತಾ?

ಪ್ರಶ್ನೆ: ಸರ್, ನಮ್ಮೂರು ಗದಗ, ಈಗ ವಾಸ್ಕೋದಲ್ಲಿ ಗ್ಯಾರೇಜ್ ಕೆಲಸ. ವಿಮಾನದ ಇಂಜಿನ್ ಹಾಕಿದ ಬೈಕಿನ ವಿಡಿಯೊ ನೋಡಿದೆ. ಅದು ಸುಜುಕಿಯ ಸ್ಪೋರ್ಟ್ಸ್ ಬೈಕ್ ಹಯಾಬುಸಾನ ಹಿಂದೆ ಹಾಕುತ್ತೇನ್ರಿ? ನಾವೂ ಒಂದು ಮಾಡಬಹುದಾ?

ಉತ್ತರ: ಸದ್ದಿನಲ್ಲಿ ಹಿಂದೆ ಹಾಕುತ್ತದೆ. ಓಟದಲ್ಲಿ ಕಷ್ಟ.

ವಿಮಾನದ ಪಿಸ್ಟನ್ ಇಂಜಿನ್ ತಿರುಗಿಸುವುದು ಪ್ರೊಪೆಲ್ಲರನ್ನು. ಅದರ ತುದಿ ಶಬ್ದದ ವೇಗದ ಹತ್ತಿರ ಹೋದರೆ ಗದ್ದಲ ಜಾಸ್ತಿ, ಎಳೆತ ಕಡಿಮೆ. ಹಾಗಾಗಿ ಸಣ್ಣ ವಿಮಾನಗಳ ಇಂಜಿನ್ ಸುಮಾರು 2500 ಆರ್‌ಪಿಎಂನಲ್ಲೇ (ನಿಮಿಷಕ್ಕೆ ಇಷ್ಟು ಸುತ್ತು) ದುಡಿಯುತ್ತದೆ. ನಮ್ಮ ಸ್ಪೋರ್ಟ್ಸ್ ಬೈಕ್ 10,000ಕ್ಕೆ ಸಲೀಸಾಗಿ ಹೋಗುತ್ತದೆ. ಸುತ್ತು ಕಡಿಮೆಯಾದಷ್ಟೂ ಅದೇ ಪವರ್‌ಗೆ ಸಿಸಿ ಜಾಸ್ತಿ ಬೇಕು. ಕಸ್ಟಮ್ ಬೈಕಿನವರು ಇಷ್ಟಪಡುವ ಆಸ್ಟ್ರೇಲಿಯಾದ ರೋಟೆಕ್ ರೇಡಿಯಲ್ ಇಂಜಿನ್ನನ್ನೇ (ಸಿಲಿಂಡರುಗಳು ಶಾಫ್ಟಿನ ಸುತ್ತ ನಕ್ಷತ್ರದಂತೆ ನಿಂತಿರುವ ಇಂಜಿನ್) ನೋಡಿ: ಏಳು ಸಿಲಿಂಡರ್, 2800 ಸಿಸಿ, 110 ಎಚ್‌ಪಿ. ಹಯಾಬುಸಾ 1340 ಸಿಸಿಯಲ್ಲೇ ಸುಮಾರು 190 ಕೊಡುತ್ತದೆ. ಹೆಲಿಕಾಪ್ಟರಿನ ಅಲಿಸನ್ ಟರ್ಬೈನ್ ಹಾಕಿದ ಅಮೆರಿಕದ ವೈ2ಕೆ ಬೈಕ್ ಮಾತ್ರ ಬೇರೆ ಜಾತಿ. ಅದಕ್ಕೆ 320 ಎಚ್‌ಪಿ ಇದೆ, ಓಡಿಯೇ ಓಡುತ್ತದೆ.

ರೇಡಿಯಲ್ ಹೇಗಿರುತ್ತದೆ ಅಂತ ತಿಳಿಯಲು ನೀವು ದೂರ ಹೋಗಬೇಕಿಲ್ಲ. ಬೋಗ್ಮಾಲೊ ರಸ್ತೆಯ ನೌಕಾಪಡೆ ವಿಮಾನ ಮ್ಯೂಸಿಯಂನಲ್ಲಿ ಸೂಪರ್ ಕಾನ್‌ಸ್ಟಲೇಶನ್ ವಿಮಾನ ನಿಂತಿದೆ. ನಾಲ್ಕು ಇಂಜಿನ್ನಿನ ವಿಮಾನ ಅದು. ಒಂದೊಂದು ಇಂಜಿನ್ನಿಗೂ ಒಂಬತ್ತರ ಎರಡು ಸಾಲು, ಒಟ್ಟು 18 ಸಿಲಿಂಡರ್. ಸಾಲಿನಲ್ಲಿ ಬೆಸ ಸಂಖ್ಯೆಯೇ ಏಕೆ? ಏಳು ಸಿಲಿಂಡರಾದರೆ 1-3-5-7-2-4-6 ಎಂದು ಒಂದು ಬಿಟ್ಟು ಒಂದು ಉರಿಯುತ್ತದೆ. ಎರಡು ಸುತ್ತಿನಲ್ಲಿ ಎಲ್ಲಕ್ಕೂ ಸರದಿ ಬರುತ್ತದೆ, ನಡುವಿನ ಅಂತರವೂ ಸಮ. ಸಮ ಸಂಖ್ಯೆಯಲ್ಲಿ ಈ ಲೆಕ್ಕ ಕೂರುವುದಿಲ್ಲ.

ಗ್ಯಾರೇಜಿನವರಿಗೆ ತಲೆನೋವು ಬೇರೆಯೇ ಇದೆ. ನಿಲ್ಲಿಸಿಟ್ಟಾಗ ಆಯಿಲ್ ಕೆಳಗಿನ ಸಿಲಿಂಡರುಗಳಿಗೆ ಇಳಿಯುತ್ತದೆ. ವಿಮಾನದವರು ಮೊದಲು ಪ್ರೊಪೆಲ್ಲರನ್ನು ಕೈಯಲ್ಲಿ ತಿರುಗಿಸಿ ನೋಡುತ್ತಾರೆ. ಬಿಗಿಯಾಗಿ ನಿಂತರೆ ಕೆಳಗಿನ ಪ್ಲಗ್ ಬಿಚ್ಚಿ ಆಯಿಲ್ ಸುರಿಸುತ್ತಾರೆ. ಅದು ಬಿಟ್ಟು ಸುಮ್ನೆ ಸೆಲ್ಫ್ ಒತ್ತಿದರೆ ಕನೆಕ್ಟಿಂಗ್ ರಾಡೇ ಬಾಗಬಹುದು. ಬೈಕಿನಲ್ಲಿ ಹಿಡಿದು ತಿರುಗಿಸಲು ಪ್ರೊಪೆಲ್ಲರ್ ಎಲ್ಲಿದೆ? ಇಂಜಿನ್ ತಣ್ಣಗಿಡಲು ಪ್ರೊಪೆಲ್ಲರಿನ ಗಾಳಿಯೂ ಇಲ್ಲ. ವಾಸ್ಕೋ ಮಾರ್ಕೆಟಿನ ಟ್ರಾಫಿಕ್‌ನಲ್ಲಿ ಹತ್ತು ನಿಮಿಷ ಸಿಕ್ಕಿಕೊಂಡರೆ ಇಂಜಿನ್ ಬೆಂದೇ ಹೋದೀತು.

ಕ್ಲಚ್, ಗೇರ್ ಗೋಜಲೇ ಬೇಡ ಅಂದವರೂ ಇದ್ದರು. 1907ರಲ್ಲಿ ಅಮೆರಿಕದ ಇಂಜಿನ್ ತಯಾರಕ ಗ್ಲೆನ್ ಕರ್ಟಿಸ್ ಫ್ಲಾರಿಡಾದ ಬೀಚಿನಲ್ಲಿ ತನ್ನದೇ ವಿ8 (ಎಂಟು ಸಿಲಿಂಡರ್) ಇಂಜಿನ್ನಿನ ಬೈಕನ್ನು ಗಂಟೆಗೆ ಸುಮಾರು 219 ಕಿಲೋಮೀಟರ್ ಓಡಿಸಿದ. ಶಾಫ್ಟ್ ನೇರ ಚಕ್ರಕ್ಕೆ. ವಾಪಸ್ ಬರುವಾಗ ಶಾಫ್ಟಿನ ಕೀಲು, ಅಂದರೆ ಯೂನಿವರ್ಸಲ್ ಜಾಯಿಂಟ್ ಮುರಿದು ಫ್ರೇಮೇ ಬಾಗಿತು. ಆಸಾಮಿ ಉಳಿದದ್ದು ಪುಣ್ಯ. ಜರ್ಮನಿಯ ಮೆಗೋಲಾ ಬೈಕ್ (1921-25) ನನ್ನ ಮೆಚ್ಚಿನದು. 640 ಸಿಸಿಯ ಐದು ಸಿಲಿಂಡರ್ ಇಂಜಿನ್ ಮುಂದಿನ ಚಕ್ರದೊಳಗೇ ತಿರುಗುತ್ತಿತ್ತು. ಸಿಗ್ನಲ್‌ನಲ್ಲಿ ಕಾಯಬೇಕಾದರೆ ಇಂಜಿನ್ ಆಫ್ ಮಾಡಬೇಕು, ಇಲ್ಲವೇ ಅಲ್ಲೇ ಸಣ್ಣ ಸುತ್ತು ಹೊಡೆಯುತ್ತಿರಬೇಕು! ಪಂಕ್ಚರ್ ಆದರೆ ಚಕ್ರ ಬಿಚ್ಚದೆ ಟ್ಯೂಬ್ ಬದಲಿಸಲೆಂದು ಟ್ಯೂಬನ್ನು ಬಳೆಯಂತೆ ಮಾಡದೆ ಎರಡು ತುದಿ ಬಿಟ್ಟು ಮಾಡಿದ್ದರು. ಎಂಥ ತಲೆ ಅಲ್ವಾ?

ಇನ್ನು ನೀವು ಮಾಡುವ ವಿಷಯ. ಹಳೇ ಬುಲೆಟ್‌ಗೆ ವಿಮಾನದ ಇಂಜಿನ್ ಹಾಕಿ ರಸ್ತೆಗೆ ಇಳಿಸುವಂತಿಲ್ಲ. ಆರ್‌ಸಿಯ ವಿವರ ಕಂಪನಿ ಮೂಲದಲ್ಲಿ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹೇಳಿತು. ಶೋಗೆ ಮಾತ್ರ ಮಾಡಿ ಟೆಂಪೊದಲ್ಲಿ ಒಯ್ಯುವುದಾದರೆ ಮಾಡಿ. ಆದರೆ ಅಷ್ಟು ಟಾರ್ಕ್ (ತಿರುಗಿಸುವ ಬಲ) ತಡೆಯುವ ಕ್ಲಚ್ ಮತ್ತು ಗೇರ್‌ಬಾಕ್ಸ್ ಮೊದಲು ಹುಡುಕಿಕೊಳ್ಳಿ. ಇಂಜಿನ್ನಿಗೆ ದುಡ್ಡು ಆಮೇಲೆ ಕೊಡಿ.