ಕತ್ತಿಗಿಂತ ಮುಂಚೆ ಸೂಜಿ

ನಮ್ಮ ಪಕ್ಕದ ತೋಟದಲ್ಲಿ ಕೆಲಸ ಮಾಡುವವರೊಬ್ಬರಿಗೆ ಮೆಣಸು ಕೊಯ್ಲಿನ ಸಮಯದಲ್ಲಿ ಕಾಡುಹಂದಿ ತಿವಿದು ಕರುಳು ಹರಿದಿತ್ತು. ಆಪರೇಷನ್ ಆದ ಮೂರನೇ ದಿನ ನೋಡಲು ಹೋದೆ. ಅವರ ಹೆಂಡತಿ ನನ್ನನ್ನು ವಾರ್ಡಿನ ಹೊರಗೆ ಕರೆದು ಕೇಳಿದರು: "ಒಳಗೆ ಹೊಲಿದಿದ್ದಾರಂತೆ, ಮೇಲೆ ಚರ್ಮಕ್ಕೆ ಹೊಲಿಗೇನೇ ಹಾಕಿಲ್ಲ ಅಣ್ಣ. ಇಂಜೆಕ್ಷನ್ನೂ ಒಂದೇ ದಿನಕ್ಕೆ ನಿಲ್ಲಿಸಿಬಿಟ್ರು. ನಾವು ಬಡವರು ಅಂತ ಹೀಗೆ ಮಾಡಿದ್ರಾ?"

ಹಾಗಲ್ಲ. ಆದರೆ ಅವರ ಅನುಮಾನ ಸಹಜವೇ. ಈ ಎರಡೂ ಪದ್ಧತಿಗಳ ಹಿಂದೆ ನೂರಕ್ಕೂ ಹೆಚ್ಚು ವರ್ಷಗಳ ಕಥೆಯಿದೆ.

ಹೊಟ್ಟೆಯ ಗಾಯದಲ್ಲಿ ರಕ್ತದಷ್ಟೇ ಹೆದರಿಕೆ ನಂಜಿನದು. ದೊಡ್ಡ ಕರುಳು ಹರಿದರೆ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಹೊಟ್ಟೆಯೊಳಗೆ ಚೆಲ್ಲುತ್ತದೆ. 1899ರಿಂದ 1902ರವರೆಗೆ ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದಲ್ಲಿ ಬ್ರಿಟಿಷ್ ವೈದ್ಯರು ಹೊಟ್ಟೆಗೆ ಗುಂಡು ಬಿದ್ದವರನ್ನು ಕೊಯ್ಯದೆ ಸುಮ್ನೆ ಮಲಗಿಸುವುದೇ ವಾಸಿ ಅಂದುಕೊಂಡಿದ್ದರು. ಕೊಯ್ಸಿಕೊಂಡವರಲ್ಲಿ ಅಷ್ಟು ಜನ ಸಾಯುತ್ತಿದ್ದರು. ಮುಂದೆ 1904–05ರ ರಷ್ಯಾ–ಜಪಾನ್ ಯುದ್ಧದಲ್ಲಿ ವೆರಾ ಗೆದ್ರೊಯಿತ್ಸ್ ಎಂಬ ವೈದ್ಯೆ ರೈಲಿನಲ್ಲೇ ಆಪರೇಷನ್ ಕೋಣೆ ಇಟ್ಟುಕೊಂಡು ರಣರಂಗದ ಹತ್ತಿರಕ್ಕೆ ಹೋದರು. ಗಾಯವಾದ ಕೆಲವೇ ಗಂಟೆಗಳಲ್ಲಿ ಹೊಟ್ಟೆ ತೆರೆದು ಹೊಲಿದರು. ಜನ ಬದುಕಿದರು. ತಪ್ಪು ಕತ್ತಿಯದಲ್ಲ, ತಡದ್ದು.

ಪೆನಿಸಿಲಿನ್‌ನಂಥ ಆಂಟಿಬಯಾಟಿಕ್ ಬಂದ ಮೇಲೂ ಒಂದು ಪ್ರಶ್ನೆ ಉಳಿಯಿತು: ಔಷಧಿ ಕೊಡುವುದು ಯಾವಾಗ? 1961ರಲ್ಲಿ ಅಮೆರಿಕದ ಶಸ್ತ್ರವೈದ್ಯ ಜಾನ್ ಬರ್ಕ್ ಗಿನಿಯಿಲಿಗಳ ಚರ್ಮಕ್ಕೆ ಬ್ಯಾಕ್ಟೀರಿಯಾ ಚುಚ್ಚಿ ನೋಡಿದರು. ಔಷಧಿ ಮೊದಲೇ ರಕ್ತದಲ್ಲಿದ್ದರೆ ಕೀವು ಕಡಿಮೆ. ಮೂರು ಗಂಟೆ ಕಳೆದ ಮೇಲೆ ಕೊಟ್ಟರೆ ಕೊಟ್ಟಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. 1972ರಲ್ಲಿ ಅಮೆರಿಕದ ವೈದ್ಯರು ಹೊಟ್ಟೆಗೆ ಇರಿತ, ಗುಂಡೇಟು ಆದವರ ಲೆಕ್ಕ ತೆಗೆದರು. ಆಪರೇಷನ್‌ಗೆ ಮೊದಲೇ ಆಂಟಿಬಯಾಟಿಕ್ ಸಿಕ್ಕವರಲ್ಲಿ ಶೇ. 7 ಮಂದಿಗೆ ನಂಜು. ಆಪರೇಷನ್ ನಡುವೆ ಸಿಕ್ಕವರಲ್ಲಿ ಶೇ. 33; ಮುಗಿದ ಮೇಲೆ ಸಿಕ್ಕವರಲ್ಲಿ ಶೇ. 30. ಔಷಧಿ ಅದೇ, ಗಳಿಗೆ ಬೇರೆ.

ಹಾಗಾದರೆ ಜಾಸ್ತಿ ದಿನ ಕೊಟ್ಟರೆ ಇನ್ನೂ ಒಳ್ಳೆಯದಲ್ವಾ? ಇಲ್ಲ. ಕರುಳು ಹರಿದಿಲ್ಲ ಅಂತ ಖಚಿತವಾದರೆ ಮೊದಲು ಕೊಟ್ಟ ಡೋಸೇ ಸಾಕು. ಹರಿದಿದ್ದು 12 ಗಂಟೆಯೊಳಗೆ ಹೊಲಿಗೆ ಬಿದ್ದರೆ 24 ಗಂಟೆ ಸಾಕು. ಮುಂದುವರಿಸಿದರೆ ನಂಜು ಇನ್ನಷ್ಟು ಇಳಿಯುವುದಿಲ್ಲ, ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾ ಮಾತ್ರ ಬೆಳೆಯುತ್ತದೆ. ರಕ್ತ ತುಂಬಾ ಹೋಗಿದ್ದರೆ ಔಷಧಿಯೂ ಅದರ ಜೊತೆ ಹರಿದುಹೋಗುತ್ತದೆ. ಆಗ ಆಪರೇಷನ್ ಟೇಬಲ್ ಮೇಲೆಯೇ ಇನ್ನೊಂದು ಡೋಸ್ ಹಾಕುತ್ತಾರೆ.

ಆ 12 ಗಂಟೆಯ ಮಾತು ಕೊಡಗಿನವರಿಗೆ ಚುಚ್ಚುವಂಥದ್ದು. ಗಾಯಾಳುವನ್ನು ತೋಟದ ಒಳದಾರಿಯಲ್ಲಿ ಜೀಪಿನಲ್ಲಿ ಹೊತ್ತು ತರಬೇಕು, ಆಮೇಲೆ 108. ಮಡಿಕೇರಿಯಲ್ಲಿ 2016ರಿಂದ ಮೆಡಿಕಲ್ ಕಾಲೇಜು ಇದೆ. ಆದರೂ ಕೇಸು ಕೈಮೀರಿದರೆ ಮೈಸೂರು ಸುಮಾರು 120 ಕಿ.ಮೀ. ಮಳೆಗಾಲದಲ್ಲಿ ಗುಡ್ಡ ಜರಿದರೆ ಕಿಲೋಮೀಟರ್ ಲೆಕ್ಕಕ್ಕೇ ಬರುವುದಿಲ್ಲ. ತಡವಾಗಿ ಹೊಟ್ಟೆಯಲ್ಲಿ ನಂಜು ಕೂತುಬಿಟ್ಟರೆ ಒಂದು ದಿನದ ಲೆಕ್ಕ ಮುಗಿಯಿತು, ಅದು ಪೂರ್ತಿ ಚಿಕಿತ್ಸೆಯೇ. ನನ್ನ ಪ್ರಕಾರ ಇಲ್ಲಿ ಮೊದಲ ಸೂಜಿ ದೊಡ್ಡಾಸ್ಪತ್ರೆಗೆ ಕಾಯಬಾರದು. ಹೊಟ್ಟೆ ತೂತಾಗಿರುವುದು ಕಣ್ಣಿಗೇ ಕಂಡರೆ, ಮುಂದಕ್ಕೆ ಕಳಿಸುವ ಡಾಕ್ಟರೇ ಅದನ್ನು ಕೊಟ್ಟು, ಚೀಟಿಯಲ್ಲಿ ಗಂಟೆ ಬರೆದು ಕಳಿಸಬೇಕು. ಟೆಟನಸ್ ಇಂಜೆಕ್ಷನ್ ಕೂಡ.

ಮೆಣಸು ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರಕ್ಕೆ ಒರಗಿಸಿದ ಏಣಿಯಿಂದ ಬಿದ್ದವರದು ಇನ್ನೊಂದು ಕಥೆ. ಎಡಪಕ್ಕೆಯ ಕೆಳಗಿರುವ, ರೋಗಾಣುಗಳ ವಿರುದ್ಧ ಹೋರಾಡುವ ಗುಲ್ಮ (ಸ್ಪ್ಲೀನ್) ಒಡೆದು, ಅದನ್ನು ತೆಗೆಯಬೇಕಾಗಿ ಬಂದರೆ ನ್ಯುಮೋನಿಯಾ ತರುವ ನ್ಯುಮೋಕಾಕಸ್‌ನಂಥ ರೋಗಾಣುಗಳ ಭಯ ಜೀವನಪೂರ್ತಿ ಇರುತ್ತದೆ. ಸಾಮಾನ್ಯವಾಗಿ ಎರಡು ವಾರದ ಹೊತ್ತಿಗೆ ಲಸಿಕೆ ಹಾಕಿಸುತ್ತಾರೆ. ಡಿಸ್ಚಾರ್ಜ್ ಗಡಿಬಿಡಿಯಲ್ಲಿ ಮರೆತುಹೋಗುವುದು ಇದೇ.

ಇನ್ನು ಆ ಹೊಲಿಯದ ಚರ್ಮ. ಮಲ ತಾಗಿದ ಗಾಯವನ್ನು ಅವತ್ತೇ ಮುಚ್ಚಿದರೆ ಕೊಳೆ ಒಳಗೇ ಉಳಿದು ಕೀವಾಗುವುದು ಜಾಸ್ತಿ. ಯುದ್ಧದ ವೈದ್ಯರು ಕಲಿತ ಪಾಠ ಇದು. ಅದಕ್ಕೇ ಸ್ನಾಯುವಿನ ಪದರ ಮಾತ್ರ ಹೊಲಿದು, ಮೇಲೆ ಒದ್ದೆ ಗಾಜ್ ತುಂಬಿ, ದಿನಾ ಡ್ರೆಸ್ಸಿಂಗ್ ಮಾಡುತ್ತಾರೆ. ಅವತ್ತು ನರ್ಸ್ ಗಾಜ್ ಎತ್ತಿದಾಗ ನಾನೂ ಇಣುಕಿದೆ. ಒಳಗೆ ಕೆಂಪಗೆ, ಹಸಿಯಾಗಿತ್ತು. ವಾಸನೆ ಇರಲಿಲ್ಲ. "ಚೆನ್ನಾಗಿದೆ" ಅಂದರು ನರ್ಸ್. ಆ ಹೆಂಗಸು ನಂಬಲಿಲ್ಲ.

ಐದನೇ ದಿನ ಚರ್ಮಕ್ಕೆ ಹೊಲಿಗೆ ಬಿತ್ತು.