ಗಾಳಿಯೋ, ಹೆಜ್ಜೆಯೋ

ದಾವಣಗೆರೆಯಲ್ಲಿ ಫಸ್ಟ್ ಶೋ ಬಿಟ್ಟ ಮೇಲೆ ಮಂಡಕ್ಕಿ ಮಿರ್ಚಿ ತಿನ್ನದೆ ಮನೆಗೆ ಹೋಗುವವರು ಕಡಿಮೆ. ಮೊನ್ನೆ ಅಕ್ಕನ ಮಗನ ಜೊತೆ ಒಂದು ಸೈಕಲಾಜಿಕಲ್ ಥ್ರಿಲ್ಲರ್ ನೋಡಿ ನಾನೂ ಗಾಡಿ ಮುಂದೆ ನಿಂತಿದ್ದೆ. ಯಾರೋ ತನ್ನ ಬೆನ್ನು ಬಿದ್ದಿದ್ದಾರೆ ಅನ್ನುವ ನಾಯಕ. ನಿಜವಾಗಿ ಬಿದ್ದಿದ್ದಾರೋ, ಎಲ್ಲಾ ಅವನ ತಲೆಯೊಳಗಿನದೋ, ಕೊನೆಯ ಹತ್ತು ನಿಮಿಷದವರೆಗೂ ಗೊತ್ತಾಗುವುದಿಲ್ಲ. ಹುಡುಗ ಮಿರ್ಚಿ ಮುರಿದು ಊದುತ್ತಾ ಕೇಳಿದ: “ಮಾಮ, ಅವನಿಗೆ ಇದ್ದಿದ್ದು ಸ್ಕಿಜೋಫ್ರೇನಿಯಾ. ಅಂದ್ರೆ ಒಳಗೆ ಇಬ್ಬರು ಇರ್ತಾರೆ, ಅಲ್ವಾ?”

ಅಲ್ಲ. ಎಷ್ಟು ಸಲ ಹೇಳಿದರೂ ಸಾಲದು, ಅಲ್ಲ. 1908ರಲ್ಲಿ ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೀನ್ ಬ್ಲಾಯ್ಲರ್ ಈ ಹೆಸರು ಇಟ್ಟಾಗ ‘ಒಡೆದ ಮನಸ್ಸು’ ಅಂದದ್ದು ಯೋಚನೆಗೂ ಭಾವನೆಗೂ ಕೊಂಡಿ ಕಳಚುವುದಕ್ಕೆ. ಒಳಗೊಬ್ಬ ರಾಮ, ಒಳಗೊಬ್ಬ ರಾವಣ ಅನ್ನುವುದೆಲ್ಲ ಸಿನಿಮಾದವರು ಸೇರಿಸಿದ ಒಗ್ಗರಣೆ. ಆದರೆ ನನ್ನ ತಲೆ ಕೊರೆಯುತ್ತಿದ್ದುದು ಬೇರೆ ಪ್ರಶ್ನೆ. ನಾಯಕನಿಗೆ ಕಾಯಿಲೆ ಇದ್ದರೆ ಇರಲಿ, ಟಾಕೀಸಿನಲ್ಲಿ ಕೂತ ನಮಗೇನಾಗಿತ್ತು? ಎರಡು ಗಂಟೆ ಪ್ರತಿ ಬಾಗಿಲನ್ನೂ ಪ್ರತಿ ನೆರಳನ್ನೂ ಅವನಷ್ಟೇ ಅನುಮಾನಿಸಿದೆವಲ್ಲ?

ಇದಕ್ಕೆ ಉತ್ತರ ಬೇಕಿದ್ದರೆ ಚಿತ್ರದುರ್ಗದ ಕೋಟೆ ಹತ್ತಿ ಓಬವ್ವನ ಕಿಂಡಿ ಹತ್ತಿರ ನಿಲ್ಲಬೇಕು. ಕಥೆ ಎಲ್ಲರಿಗೂ ಗೊತ್ತು, ಹೇಳುವುದಿಲ್ಲ. ಆದರೆ ಒನಕೆ ಎತ್ತುವ ಮುಂಚಿನ ಅರೆಕ್ಷಣವನ್ನು ಯಾರೂ ಹೇಳುವುದಿಲ್ಲ. ಕಾವಲಿನ ಗಂಡ ಊಟಕ್ಕೆ ಕೂತಿದ್ದಾನೆ. ನೀರಿಗೆ ಬಂದವಳಿಗೆ ಬಂಡೆ ಸಂದಿಯಲ್ಲಿ ಏನೋ ಗುಸುಗುಸು. ದುರ್ಗದ ಗಾಳಿ ಸಾಮಾನ್ಯದ್ದಲ್ಲ. ಜೋಗಿಮಟ್ಟಿ ಗುಡ್ಡದ ಮೇಲೆ ಸುಮ್ಮನೆ ವಿಂಡ್‌ಮಿಲ್ ನಿಲ್ಲಿಸಿಲ್ಲ. ಆ ಗಾಳಿ ಬಂಡೆಗಳ ನಡುವೆ ನುಗ್ಗಿದರೆ ಮನುಷ್ಯರು ಪಿಸುಗುಟ್ಟಿದ ಹಾಗೇ ಕೇಳುತ್ತದೆ. ಈಗ ಅವಳ ಲೆಕ್ಕ ನೋಡಿ. ಶತ್ರು ಬಂದಿದ್ದಾನೆ, ಇವಳೂ ಬಂದಿದ್ದಾನೆ ಅಂದರೆ ಕೋಟೆ ಉಳಿಯಿತು. ಬಂದಿದ್ದಾನೆ, ಇವಳು ಗಾಳಿ ಅಂದುಕೊಂಡರೆ ಕೋಟೆ ಹೋಯಿತು. ಬಂದಿಲ್ಲ, ಆದರೂ ಒನಕೆ ಹಿಡಿದು ಕಾದಳು ಅಂದರೆ ನೆರೆಹೊರೆಯವರ ನಗೆ. ಬಂದಿಲ್ಲ, ಇವಳೂ ಇಲ್ಲ ಅಂದರೆ ಕೊಡ ತುಂಬಿಸಿಕೊಂಡು ಮನೆಗೆ. ನಗೆಪಾಟಲಾಗುವ ನಷ್ಟ ಚಿಕ್ಕದು, ಕೋಟೆ ಕಳೆದುಕೊಳ್ಳುವುದು ದೊಡ್ಡದು. ಅರ್ಧಂಬರ್ಧ ಸದ್ದಿಗೂ ಒನಕೆ ಎತ್ತುವುದೇ ಜಾಣತನ.

ಎರಡನೇ ಮಹಾಯುದ್ಧದಲ್ಲಿ ರಾಡಾರ್ ಪರದೆ ಮುಂದೆ ಕೂತವರ ಪಾಡೂ ಇದೇ: ಆ ಚುಕ್ಕೆ ವಿಮಾನವೋ, ಹಕ್ಕಿ ಹಿಂಡೋ? ಆ ಎಂಜಿನಿಯರಿಂಗ್ ಲೆಕ್ಕವನ್ನೇ 1950ರ ದಶಕದಲ್ಲಿ ಮನಃಶಾಸ್ತ್ರಜ್ಞರು ಎತ್ತಿಕೊಂಡರು. ಸಂಕೇತ ಪತ್ತೆ ಸಿದ್ಧಾಂತ ಅನ್ನುತ್ತಾರೆ. ಅದರ ತಿರುಳು ಇಷ್ಟೇ. ಕಿವಿ ಎಷ್ಟು ಚುರುಕು ಅನ್ನುವುದು ಬೇರೆ, ‘ಇದು ಹೆಜ್ಜೆಯೇ’ ಅನ್ನಲು ಎಷ್ಟು ಸದ್ದು ಸಾಕು ಅಂತ ಎಳೆದುಕೊಂಡ ಗೆರೆ ಬೇರೆ. ಶೇಂಗಾ ಜರಡಿ ನೆನೆಸಿಕೊಳ್ಳಿ. ಕಣ್ಣು ಸಣ್ಣದಾದರೆ ಒಂದು ಕಾಳೂ ಜಾರುವುದಿಲ್ಲ, ಆದರೆ ಕಲ್ಲೂ ಉಳಿಯುತ್ತದೆ. ದೊಡ್ಡದಾದರೆ ಕಲ್ಲು ಹೋಗುತ್ತದೆ, ಜೊತೆಗೆ ಕಾಳೂ. ಕಾಳನ್ನೆಲ್ಲ ಹಿಡಿದು ಕಲ್ಲನ್ನೆಲ್ಲ ಬಿಡುವ ಜರಡಿ ಯಾವ ಸಂತೆಯಲ್ಲೂ ಸಿಗದು. ಇಲ್ಲವೇ ನಿಮ್ಮ ಬೀದಿಯ ನಾಯಿ: ಎಲೆ ಬಿದ್ದರೂ ಬೊಗಳುವುದಕ್ಕೆ ಅದರ ಕಿವಿ ಕಾರಣವಲ್ಲ, ಗೆರೆ ಕಾರಣ. ಎಲ್ಲದಕ್ಕೂ ಕಹಳೆ ಊದುವ ಕಾವಲುಗಾರನೂ ಹಾಗೇ. ಹತ್ತು ದಿನ ಕೋಟೆಯೆಲ್ಲ ನಿದ್ದೆಗೆಡುತ್ತದೆ, ಹನ್ನೊಂದನೇ ದಿನ ಅವನ ಕಹಳೆಗೆ ಯಾರೂ ಏಳುವುದಿಲ್ಲ.

ಥ್ರಿಲ್ಲರ್ ಮಾಡುವವರು ಕೈ ಹಾಕುವುದು ಈ ಗೆರೆಗೇ. ಮಂದ್ರದಲ್ಲಿ ಒಂದು ಪಿಟೀಲು, ಬೇಕಿದ್ದಕ್ಕಿಂತ ಎರಡು ಸೆಕೆಂಡ್ ಹೆಚ್ಚಿಗೆ ತೋರಿಸಿದ ಬಾಗಿಲ ಚಿಲಕ. ನಮ್ಮ ಗೆರೆ ಜರ್ರನೆ ಇಳಿಯುತ್ತದೆ. ಹಾಲಿನವನು ಬಂದರೂ ಕೊಲೆಗಾರ. ಇನ್ನೊಂದು ಕೈಚಳಕ ಇದಕ್ಕಿಂತ ದೊಡ್ಡದು. ನಿಜ ಜೀವನದಲ್ಲಿ ಅನುಮಾನ ಬಂದರೆ ಪಕ್ಕದವರನ್ನು ಕೇಳುತ್ತೇವೆ, ‘ನಿಂಗೂ ಕೇಳಿಸ್ತಾ?’ ಅಂತ. ಕ್ಯಾಮೆರಾವನ್ನು ನಾಯಕನ ತಲೆಯೊಳಗೇ ಕೂರಿಸಿದ ನಿರ್ದೇಶಕ ಆ ಪಕ್ಕದವರನ್ನೇ ಇಲ್ಲವಾಗಿಸುತ್ತಾನೆ.

ಪಕ್ಕದವನೇ ಸುಳ್ಳು ಹೇಳಿದರೆ ಇನ್ನೂ ಕಷ್ಟ. 1938ರಲ್ಲಿ ಪ್ಯಾಟ್ರಿಕ್ ಹ್ಯಾಮಿಲ್ಟನ್ ಬರೆದ ‘ಗ್ಯಾಸ್ ಲೈಟ್’ ನಾಟಕದಲ್ಲಿ ಗಂಡ ರಾತ್ರಿ ಕದ್ದು ಮೇಲಿನ ಮಹಡಿಗೆ ಹೋಗಿ ದೀಪ ಹಚ್ಚುತ್ತಾನೆ. ಅನಿಲ ಹಂಚಿಹೋಗಿ ಕೆಳಗಿನ ದೀಪ ಮಂಕಾಗುತ್ತದೆ. ಪಕ್ಕದ ಮನೆಯವರು ಬೋರ್ ಮೋಟಾರ್ ಹಾಕಿದರೆ ನಮ್ಮನೆ ಬಲ್ಬು ಕಣ್ಣು ಮಿಟುಕಿಸುತ್ತದಲ್ಲ, ಹಾಗೆ. ಹೆಂಡತಿ ಕಂಡದ್ದು ಅಪ್ಪಟ ನಿಜ. ಆದರೆ ತನಗೆ ಬುದ್ಧಿ ಕೆಡುತ್ತಿದೆ ಅಂತ ಅವಳೇ ನಂಬುವ ಹಾಗೆ ಅವನು ಮಾಡುತ್ತಾನೆ. ‘ಗ್ಯಾಸ್‌ಲೈಟಿಂಗ್’ ಅನ್ನುವ ಮಾತು ಹುಟ್ಟಿದ್ದು ಅಲ್ಲಿಂದ.

ಹಾಗಾದರೆ ಸ್ಕಿಜೋಫ್ರೇನಿಯಾ ಕಾಯಿಲೆಯಲ್ಲಿ ಕೆಡುವುದು ಏನು? 2003ರಲ್ಲಿ ಮನೋವೈದ್ಯ ಶಿತಿಜ್ ಕಪೂರ್ ಒಂದು ವಿವರಣೆ ಮುಂದಿಟ್ಟರು, ನನಗೆ ಬಹಳ ಇಷ್ಟ. ಮಿದುಳಿನಲ್ಲಿ ಸಂದೇಶ ಸಾಗಿಸುವ ಡೋಪಮೈನ್ ಅನ್ನುವ ರಾಸಾಯನಿಕ, ಕಚೇರಿಯ ಗುಮಾಸ್ತನ ಹಾಗೆ, ಮುಖ್ಯವಾದ ಕಡತಕ್ಕೆ ಮಾತ್ರ ‘ತುರ್ತು’ ಎಂದು ಸೀಲು ಒತ್ತಬೇಕು. ಅದು ಹದ ತಪ್ಪಿದಾಗ ಕಸದ ಬುಟ್ಟಿಯ ಚೀಟಿಗೂ ತುರ್ತು ಸೀಲು ಬೀಳುತ್ತದೆ. ಬಸ್ಸಿನಲ್ಲಿ ಯಾರೋ ಕೆಮ್ಮಿದ್ದು, ಕೆಂಪು ಬೈಕು ಎರಡು ಸಲ ಎದುರಾದದ್ದು, ಎಲ್ಲಾ ತುರ್ತು. ಇಷ್ಟೊಂದು ತುರ್ತು ಯಾಕೆ? ಕಾರಣ ಬೇಡವೇ? ಮನಸ್ಸು ಒಂದು ಕಥೆ ಕಟ್ಟುತ್ತದೆ: ‘ಇವರೆಲ್ಲ ಸೇರಿಕೊಂಡು ನನ್ನ ಹಿಂದೆ ಬಿದ್ದಿದ್ದಾರೆ.’ ಕಥೆ ತಪ್ಪು, ಆದರೆ ತರ್ಕ ನಮ್ಮದೇ. ಔಷಧಿ ಕೂಡ ಕಥೆಯನ್ನು ಅಳಿಸುವುದಿಲ್ಲ. ಗುಮಾಸ್ತನ ಕೈ ಹಿಡಿಯುತ್ತದೆ, ಕಥೆ ನಿಧಾನಕ್ಕೆ ಸೊರಗುತ್ತದೆ.

ಕಥೆಯ ಸಾಮಾನು ಮಾತ್ರ ಆಯಾ ಕಾಲದ್ದು. ಜೇಮ್ಸ್ ಟಿಲ್ಲಿ ಮ್ಯಾಥ್ಯೂಸ್ ಲಂಡನ್ನಿನ ಚಹಾ ವ್ಯಾಪಾರಿ. 1797ರಲ್ಲಿ ಬೆಡ್ಲಂ ಮಾನಸಿಕ ಆಸ್ಪತ್ರೆ ಸೇರಿದವನ ದೂರು ಏನೆಂದರೆ, ಒಂದು ಗುಂಪು ಅಡಗಿ ಕೂತು ‘ಗಾಳಿ ಮಗ್ಗ’ ಅನ್ನುವ ಯಂತ್ರದಿಂದ ತನ್ನ ತಲೆಯೊಳಗೆ ಯೋಚನೆ ನೇಯುತ್ತಿದೆ! ಬಟ್ಟೆ ಮಿಲ್ಲುಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡಿದ್ದ ಊರಿನವನು ನಾನು, ಮಗ್ಗದ ಮಾತು ಬಂದರೆ ಬಿಡಲಾರೆ. ಆಗ ಇಂಗ್ಲೆಂಡಿನಲ್ಲಿ ಹೊಸದಾಗಿ ಸದ್ದು ಮಾಡುತ್ತಿದ್ದುದು ಯಂತ್ರಮಗ್ಗ ಮತ್ತು ಅನಿಲಗಳ ರಸಾಯನಶಾಸ್ತ್ರ. ಅವನು ಎರಡನ್ನೂ ಜೋಡಿಸಿದ. ಆಮೇಲಿನವರಿಗೆ ರೇಡಿಯೋ ಬಂತು, ಈಗಿನವರಿಗೆ ಮೊಬೈಲು. ತಮಾಷೆಯೆಂದರೆ ಅವನ ಪಿತೂರಿಯ ಮಾತೆಲ್ಲ ಸುಳ್ಳಲ್ಲ. ಯುದ್ಧ ಕಾಲದಲ್ಲಿ ಶಾಂತಿ ಸಂಧಾನಕ್ಕೆಂದು ಪ್ಯಾರಿಸ್ಸಿಗೆ ಓಡಾಡಿದ್ದ, ಫ್ರಾನ್ಸಿನಲ್ಲಿ ಬಂಧನದಲ್ಲೂ ಇದ್ದ. 1809ರಲ್ಲಿ ಇಬ್ಬರು ವೈದ್ಯರು ಇವನ ಬುದ್ಧಿ ಸರಿಯಿದೆ ಅಂದರು. ಆಸ್ಪತ್ರೆಯ ಜಾನ್ ಹ್ಯಾಸ್ಲಮ್ ಸರಿಯಿಲ್ಲ ಅಂತ ಸಾಧಿಸಲು ಮರುವರ್ಷ ಒಂದು ಪುಸ್ತಕವನ್ನೇ ಬರೆದ. ಯಾವ ಚಿತ್ರಕಥೆಗಾರ ಬೇಕು?

ನಮ್ಮ ಕಡೆ ಇದೇ ಸ್ಥಿತಿಗೆ ‘ಗಾಳಿ ಸೋಕಿದೆ’ ಅನ್ನುತ್ತಾರೆ. ಮಾತಿನಲ್ಲಿ ಕಾವ್ಯವಿದೆ, ಒಪ್ಪುತ್ತೇನೆ. ಆದರೆ ಬೇವಿನ ಸೊಪ್ಪಿನ ಏಟು, ಮೆಣಸಿನಕಾಯಿ ಹೊಗೆ ಅಂತ ತಿಂಗಳುಗಟ್ಟಲೆ ಕಳೆಯುವುದನ್ನು ನೋಡಿದರೆ ಮೈ ಉರಿಯುತ್ತದೆ. ಈ ಕಾಯಿಲೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗಿದೆ, ಚಿಕಿತ್ಸೆ ತಡವಾದಷ್ಟೂ ಗುಣವಾಗುವುದು ಕಷ್ಟ. ಜಿಲ್ಲಾ ಆಸ್ಪತ್ರೆಗೆ ಹೋಗಲು ಮುಜುಗರವಾದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ.

ಇಷ್ಟನ್ನೂ ಹುಡುಗನಿಗೆ ಹೇಳುವಷ್ಟರಲ್ಲಿ ಅವನು ಎರಡನೇ ಪ್ಲೇಟ್ ಮುಗಿಸಿದ್ದ. ರಾತ್ರಿ ಒಂದೂವರೆಗೆ ಬಂದು ನನ್ನ ಭುಜ ಅಲುಗಾಡಿಸಿದ.

“ಮಾಮ, ಮೇಲೆ ಯಾರೋ ಓಡಾಡ್ತಿದಾರೆ. ನಿಂಗೂ ಕೇಳಿಸ್ತಾ?”

ಕೇಳಿಸುತ್ತಿತ್ತು. ಹತ್ತು ನಿಮಿಷದಿಂದ ಕೇಳಿಸುತ್ತಿತ್ತು. ಇಬ್ಬರೂ ಟಾರ್ಚ್ ಹಿಡಿದು ತಾರಸಿ ಹತ್ತಿದರೆ ನೀರಿನ ಟ್ಯಾಂಕಿನ ಮುಚ್ಚಳ ಗಾಳಿಗೆ ಎದ್ದೆದ್ದು ಬೀಳುತ್ತಿದೆ. ಮೇಲೊಂದು ಇಟ್ಟಿಗೆ ಹೇರಿ ಕೆಳಗಿಳಿದೆವು. ಅವನು ಮಲಗಿದ. ನಾನು ಇನ್ನೊಮ್ಮೆ ಹೋಗಿ ಇಟ್ಟಿಗೆ ಇದ್ದಲ್ಲೇ ಇದೆಯಾ ಅಂತ ನೋಡಿ ಬಂದೆ.