ಬರ್ಗರ್‌ಗಾಗಿ ಮಾಡಿದ ಸಾಲ

ವಿಡಿಯೊ ಗೇಮ್ ಅನುವಾದಕ್ಕೆ ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು, ‘ಎಷ್ಟರ ಮಟ್ಟಿಗೆ ಬದಲಾಯಿಸಬಹುದು?’ ಅಂತ. ಆಗೆಲ್ಲ ನಾನೊಂದು ಬರ್ಗರ್ ಕಥೆ ಹೇಳುತ್ತೇನೆ.

‘ಏಸ್ ಅಟಾರ್ನಿ’ ಜಪಾನಿನಲ್ಲಿ 2001ರಲ್ಲಿ ಬಂದ, ವಕೀಲನೊಬ್ಬನ ಆಟ. 2005ರಲ್ಲಿ ಇಂಗ್ಲಿಷಿಗೆ ತರುವಾಗ ಕಥೆಯನ್ನು ಬುಡಸಮೇತ ಕಿತ್ತು ಲಾಸ್ ಏಂಜಲಿಸ್‌ನಲ್ಲಿ ನೆಟ್ಟರು. ಜಪಾನಿನ ನೂಡಲ್ಸ್ ಸಾರು ರಾಮೆನ್ ಅಂದರೆ ಪ್ರಾಣ ಬಿಡುತ್ತಿದ್ದ, ವಕೀಲನ ಸಹಾಯಕಿ ಮಾಯಾಗೆ ಬರ್ಗರ್ ಹುಚ್ಚು ಹಿಡಿಸಿದರು. ಪಾತ್ರಗಳ ಹೆಸರುಗಳೂ ಬದಲಾದವು. ಅದನ್ನು ನಾನು ಒಪ್ಪುತ್ತೇನೆ: ಮೂಲದ ಹೆಸರುಗಳೆಲ್ಲ ಶ್ಲೇಷೆ, ಜಪಾನಿ ಬಾರದವನಿಗೆ ನಗು ಬರುವುದಾದರೂ ಹೇಗೆ? ಎಡವಟ್ಟಾದದ್ದು ಊರು ಬದಲಿಸಿದ್ದರಿಂದ. ಮುಂದಿನ ಆಟಗಳಲ್ಲಿ ಪ್ರೇತಗಳನ್ನು ಆವಾಹಿಸುವವರ ಹಳ್ಳಿ, ಯೋಕಾಯಿ ಭೂತಗಳನ್ನು ನಂಬುವ ಊರು, ಹೀಗೆ ಅಪ್ಪಟ ಜಪಾನಿ ಜಾಗಗಳು ಒಂದರ ಹಿಂದೊಂದು ಬಂದವು. ಕ್ಯಾಲಿಫೋರ್ನಿಯಾದಲ್ಲಿ ಇವಕ್ಕೇನು ಕೆಲಸ? ಜಪಾನಿ ವಲಸಿಗರ ಸಂಸ್ಕೃತಿ ಅಡ್ಡಿಯಿಲ್ಲದೆ ಬೆಳೆದ ಬೇರೆಯೇ ಕ್ಯಾಲಿಫೋರ್ನಿಯಾ ಅದು ಎಂದು ಕೊನೆಗೆ ಸಮಜಾಯಿಷಿ ಕೊಡಬೇಕಾಯಿತು. ಅಭಿಮಾನಿಗಳು ಅದಕ್ಕೆ ‘ಜಪಾನಿಫೋರ್ನಿಯಾ’ ಎಂದು ನಾಮಕರಣ ಮಾಡಿ ನಕ್ಕರು. ಕಥೆಯ ನೆಲ ಬದಲಿಸುವುದು ಸಾಲ ಮಾಡಿದ ಹಾಗೆ, ಬಡ್ಡಿಯನ್ನು ಪ್ರತಿ ಕಂತಿನಲ್ಲೂ ಕಟ್ಟುತ್ತಿರಬೇಕು.

2008ರ ‘ಫಾಲ್‌ಔಟ್ 3’ರಲ್ಲಿ ಊರೊಂದರ ನಡುವೆ ಸಿಡಿಯದ ಅಣುಬಾಂಬ್ ಬಿದ್ದಿರುತ್ತದೆ. ಅದನ್ನು ನಿಷ್ಕ್ರಿಯಗೊಳಿಸಬಹುದು, ಸಿಡಿಸಲೂಬಹುದು. ಜಪಾನಿ ಆವೃತ್ತಿಯಲ್ಲಿ ಸಿಡಿಸುವ ದಾರಿಯನ್ನೇ ತೆಗೆದರು. ‘ಫ್ಯಾಟ್ ಮ್ಯಾನ್’ ಎಂಬ ಆಯುಧದ ಹೆಸರನ್ನೂ ಬದಲಿಸಿದರು. ಹೆಸರು ಬದಲಿಸಿದ್ದಕ್ಕೆ ನನ್ನ ತಕರಾರಿಲ್ಲ, ನಾಗಸಾಕಿಯ ಮೇಲೆ ಬಿದ್ದ ಬಾಂಬಿನ ಹೆಸರು ಅಲ್ಲಿ ಆಟದ ಸಾಮಾನಾಗುವುದು ಬೇಡ. ದಾರಿ ಮುಚ್ಚಿದ್ದು ಮಾತ್ರ ನನಗೆ ಸರಿಕಾಣಲಿಲ್ಲ. ಸಿಡಿಸುವ ಅವಕಾಶವೇ ಇಲ್ಲದಿದ್ದರೆ, ಸಿಡಿಸದೆ ಉಳಿಸಿದ್ದಕ್ಕೆ ತೂಕವೆಲ್ಲಿ?

ಕಾನೂನಿನ ಒತ್ತಡದ ಬದಲಾವಣೆಗಳ ಲೆಕ್ಕ ಬೇರೆ, ಅಲ್ಲಿ ಅನುವಾದಕನ ಮಾತು ನಡೆಯುವುದಿಲ್ಲ. ನಾಜಿಗಳ ವಿರುದ್ಧ ಹೋರಾಡುವ ಆಟವಾದ 2017ರ ‘ವುಲ್ಫೆನ್‌ಸ್ಟೈನ್ 2’ರ ಜರ್ಮನ್ ಆವೃತ್ತಿಯಲ್ಲಿ ಸ್ವಸ್ತಿಕ ಮಾಯವಾಯಿತು, ಹಿಟ್ಲರನ ಮೀಸೆಯೂ ಹೋಯಿತು. ಮರುವರ್ಷ ಆಗಸ್ಟ್‌ನಲ್ಲಿ ಯಾವ ಆಟ ಯಾವ ವಯಸ್ಸಿನವರಿಗೆ ಎಂದು ರೇಟಿಂಗ್ ಕೊಡುವ ಅಲ್ಲಿನ ಸಂಸ್ಥೆ ಯುಎಸ್‌ಕೆ, ಇಂಥ ಚಿಹ್ನೆಗಳಿರುವ ಆಟಗಳನ್ನು ಒಂದೊಂದಾಗಿ ನೋಡಿ ತೀರ್ಮಾನಿಸುತ್ತೇವೆ ಎಂದು ನಿಯಮ ಸಡಿಲಿಸಿತು.

ಇವೆಲ್ಲ ಸುದ್ದಿಯಾಗುವ ಬದಲಾವಣೆಗಳು. ದಿನನಿತ್ಯ ನಮ್ಮನ್ನು ಕಾಡುವುದು ಬೇರೆಯೇ. ಎಕ್ಸೆಲ್ ಶೀಟ್‌ನಲ್ಲಿ ಸಾವಿರಾರು ಸಾಲು ಬಂದಿರುತ್ತವೆ, ಯಾರು ಯಾರಿಗೆ ಹೇಳಿದ್ದು ಎಂಬ ಸುಳಿವಿರುವುದಿಲ್ಲ. ‘ಓಪನ್’ ಎಂದಿದ್ದರೆ ‘ತೆರೆ’ ಎಂಬ ಬಟನ್ನೋ, ‘ತೆರೆದಿದೆ’ ಎಂಬ ಸೂಚನೆಯೋ? ಆಟಗಾರನ ಹೆಸರು ತಾನಾಗಿ ಬಂದು ಕೂರಲು ಒಂದು ಖಾಲಿ ಜಾಗ ಬಿಟ್ಟಿರುತ್ತಾರೆ. ಅದರ ಮುಂದೆ ‘ಗೆ’ ಅಂಟಿಸಿದರೆ ರವಿಗೆ ಸರಿ, ‘ರಾಮಗೆ’ ಎಂದಾಗ ಕಿವಿಗೆ ಕಲ್ಲು.

ಎಲ್ಲಕ್ಕಿಂತ ಕಷ್ಟ ‘ಯೂ’. ಇಂಗ್ಲಿಷಿನಲ್ಲಿ ರಾಜನಿಗೂ ಕಳ್ಳನಿಗೂ ಅದೊಂದೇ. ಕನ್ನಡದಲ್ಲಿ ನೀನೋ ನೀವೋ ಎಂದು ಮೊದಲೇ ತೀರ್ಮಾನಿಸದೆ ಬಾಯಿ ತೆರೆಯುವಂತಿಲ್ಲ. ನಾಯಕನನ್ನು ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಯಾವ ದೃಶ್ಯದಲ್ಲಿ ಏಕವಚನಕ್ಕಿಳಿಯುತ್ತಾಳೆ ಎಂಬುದು ಮೂಲದಲ್ಲಿ ಇಲ್ಲವೇ ಇಲ್ಲ, ಅದು ಪೂರಾ ನನ್ನ ಸೇರ್ಪಡೆ. ಬರ್ಗರ್‌ಗಿಂತ ದೊಡ್ಡ ಬದಲಾವಣೆ ಇದೇ, ಇದಕ್ಕೆ ಯಾರೂ ಜಗಳಕ್ಕೆ ಬರುವುದಿಲ್ಲ.

ಒಮ್ಮೆ, ಯಾರ ಮಾತು ಯಾವುದು ಎಂದು ಎಷ್ಟು ಕೇಳಿದರೂ ಆಟದ ತಂಡದಿಂದ ಉತ್ತರ ಬರಲಿಲ್ಲ. ಗಡುವು ಹತ್ತಿರವಾಗಿತ್ತು. ಏಕವಚನ, ಬಹುವಚನ ಎರಡಕ್ಕೂ ಸಿಗದಂತೆ ‘ಬರಬಹುದು’, ‘ಹೋಗಬೇಕು’, ‘ಕೊಡತಕ್ಕದ್ದು’ ಎಂದೇ ಮುನ್ನೂರು ಸಾಲು ಜಾಣತನದಿಂದ ಮುಗಿಸಿಕೊಟ್ಟೆ. ಆಟ ಹೊರಬಂದ ಮೇಲೆ ಆಡಿ ನೋಡಿದೆ. ಕಾಡಿನ ನಡುವೆ ಕತ್ತಿ ಹಿಡಿದು ಅಡ್ಡಗಟ್ಟಿದ ದರೋಡೆಕೋರ, ‘ಇದ್ದ ಹಣವನ್ನೆಲ್ಲ ಕೂಡಲೇ ಕೊಡತಕ್ಕದ್ದು’ ಎಂದು ಕಚೇರಿಯ ಸುತ್ತೋಲೆ ಓದಿದ.